ನಿದ್ದಿ ಬರವಲ್ದ್ರೀ ಡಾಕ್ಟರ!

ಸಿಂದಗಿಯಲ್ಲಿ ನಾನು ದವಾಖಾನೆ ತೆರೆದು ಇಪ್ಪತ್ತೆರಡು ವರ್ಷವಾಯಿತು. ಜ್ವರ ಬಂದವರು ನರಳುತ್ತ ಬರುತ್ತಾರೆ. ನಿದ್ದೆ ಬಾರದವರು ಜಗಳಾಡುತ್ತ ಬರುತ್ತಾರೆ, ಅದೂ ಹೆಚ್ಚಾಗಿ ಜೋಡಿಯಲ್ಲಿ. ಹೀಗಾಗಿ ವಾರಕ್ಕೊಮ್ಮೆಯಾದರೂ ಸ್ಟೆತಾಸ್ಕೋಪು ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಗುವ ಪ್ರಸಂಗ ನನಗೆ ತಪ್ಪಿದ್ದಲ್ಲ.

ಅರ್ಧಾ ಚಾ

ಇಂಡಿಯಿಂದ ಬಂದ ಗಣಿತದ ಮಾಸ್ತರರೊಬ್ಬರು ರಾತ್ರಿ ಎರಡರವರೆಗೆ ಫ್ಯಾನು ನೋಡುತ್ತ ಬಿದ್ದುಕೊಂಡಿರುತ್ತಿದ್ದರು.

"ಚಾ ಎಷ್ಟ ಕುಡೀತೀರಿ?" ಅಂದೆ.

"ಭಾಳ ಕುಡಿಯಾಂಗಿಲ್ರಿ. ಯಾವಾಗಿದ್ರೂ ಬರೇ ಅರ್ಧಾ ಕಪ್ಪ."

"ಅಂಥಾ ಅರ್ಧಾ ದಿನಕ್ಕ ಎಷ್ಟ?"

ಮಾಸ್ತರರು ಬೆರಳು ಮಡಚತೊಡಗಿದರು. ಮನೆ, ಸಾಲಿ, ಬಸ್ ಸ್ಟ್ಯಾಂಡು, ಗೆಳೆಯನ ಅಂಗಡಿ. ಎರಡೂ ಕೈಯ ಬೆರಳು ತೀರಿ ಮತ್ತೆ ಮೊದಲ ಕೈಗೆ ಬಂದರು. "ಹದಿನಾಕ ಆದ್ವರಿ."

"ಅಂದ್ರ ಏಳು ಕಪ್ಪಾತಲ್ರಿ ಮಾಸ್ತರ!"

ಮಕ್ಕಳಿಗೆ ವರ್ಷಗಟ್ಟಲೆ ಭಿನ್ನರಾಶಿ ಕಲಿಸಿದವರ ಮುಖ ಸಣ್ಣದಾಯಿತು. "ಹಂಗ ಎಲ್ಲಾ ಕೂಡಿಸಿಬಿಟ್ರ ಹೆಂಗ್ರಿ?"

ಗೊರಕಿ

ಕೊಲ್ಹಾರದ ಒಬ್ಬ ಹೆಣ್ಣುಮಗಳು ಗಂಡನ ರಟ್ಟೆ ಹಿಡಿದು ಕರೆತಂದಳು. ಆತ ಟ್ರ್ಯಾಕ್ಟರ್ ರಿಪೇರಿ ಮಾಡುವವನು.

"ಇವರ ಗೊರಕಿ ನನಗ ರೂಢಿ ಆಗೈತ್ರಿ. ಆದ್ರ ನಡುವ ಒಮ್ಮಿಗಲೇ ಬಂದ್ ಬೀಳತೈತಿ. ಉಸರೂ ಇರಾಂಗಿಲ್ಲ! ಜೀವ ಝಲ್ ಅಂತೈತಿ. ಡುಬ್ಬಕ್ಕ ಒಂದ ಗುದ್ದತೇನಿ, ಮತ್ತ ಚಾಲೂ ಆಗತೈತಿ."

"ಮುಂಜಾನೆ ಡುಬ್ಬ ಯಾಕ ನೋಯ್ತೈತಿ ಅಂತ ಈಗ ತಿಳೀತ್ರಿ," ಬೆನ್ನು ಸವರಿಕೊಳ್ಳುತ್ತ ಅಂದ ಗಂಡ.

ನಾನು ನಗಲಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವುದು ಸಣ್ಣ ಮಾತಲ್ಲ. ವಿಜಯಪುರದ ತಜ್ಞರ ಬಳಿ ಕಳಿಸಿದೆ. ರಾತ್ರಿ ಮೂಗಿಗೆ ಹಾಕಿಕೊಳ್ಳುವ ಮಷಿನ್ ಬಂತು, ಗೊರಕೆ ಹೋಯಿತು, ಆತ ಗಟ್ಟಿಯಾದ. ತಿಂಗಳ ಮೇಲೆ ಹೆಂಡತಿ ಒಬ್ಬಳೇ ಬಂದಳು. ಕಣ್ಣು ಗುಳಿ ಬಿದ್ದಿದ್ದವು.

"ಈಗೇನವ್ವಾ?"

"ಸಪ್ಪಳಿಲ್ದ ಮಲಗತಾರ್ರಿ. ಗಾಬರಿ ಆಗಿ ತಾಸಿಗೊಮ್ಮೆ ಎಬ್ಬಿಸಿ, ಅರಾಮ ಅದೀರೇನು ಅಂತ ಕೇಳತೇನಿ!"

ಕೆಟ್ಟು ನಿಂತ ಬಸ್ಸು

ರಿಟೈರಾದ ಕಂಡಕ್ಟರರೊಬ್ಬರನ್ನು ಅವರ ಹೆಂಡತಿ ಕರೆತಂದರು. ಕಂಡಕ್ಟರರು ವಿಜಯಪುರ–ಮೋರಟಗಿ ಬಸ್ಸಿನಲ್ಲೇ ಆಯುಷ್ಯ ಕಳೆದವರು. ಈಗ ನಿದ್ದೆಯಲ್ಲೂ ಡ್ಯೂಟಿ.

"ದಿನಾ ರಾತ್ರಿ ಎಲ್ಲಾ ಊರ ಹೆಸರು ಕೂಗತಾರ್ರಿ," ಅಂದರು ಆಕೆ. "ಕಡೀಕ ಮೋರಟಗಿ ಬಂತಂದ್ರ ಸುಮ್ಮಾಗತಾರ. ಆಮ್ಯಾಲ ನಾನೂ ಮಲಗತೇನಿ."

"ಮತ್ತ ತಕರಾರೇನ್ರಿ?"

"ಮೊನ್ನಿ ಕನ್ನೊಳ್ಳಿ ದಾಟಿದ ಮ್ಯಾಲ ಬಸ್ ಕೆಟ್ಟ ನಿಂತಿತ್ರಿ! ಸಿಂದಗಿ ಬರವಲ್ದು. 'ಎಲ್ಲಾರೂ ಇಳದ ನೂಕ್ರಿ' ಅಂತ ಒಂದ ಸವನ ಒದರಾಕತ್ತಿದ್ರು."

"ನೀವೇನ ಮಾಡಿದ್ರಿ?"

"ಮತ್ತೇನ್ ಮಾಡ್ಲಿ? ಎದ್ದ ಮಂಚಾ ನೂಕಿದ್ನಿ. 'ಚಾಲೂ ಆತು, ಹತ್ರಿ ಹತ್ರಿ' ಅಂದ್ರು. ಹತ್ತ ನಿಮಿಷದಾಗ ಮೋರಟಗಿ ಬಂತು."

ನಾನು ಬಾಯಿಗೆ ಕರವಸ್ತ್ರ ಹಿಡಿದೆ. ಕಂಡಕ್ಟರರು ನೆಲ ನೋಡುತ್ತ ಕೂತಿದ್ದರು. ಆಕೆ ಮಾತ್ರ ಕೈ ಮುಗಿದು ಕೇಳಿದರು, "ಏನರ ಗುಳಿಗಿ ಕೊಡ್ರಿ ಡಾಕ್ಟರ. ದಿನಾ ಕೆಟ್ರ ನನಗ ಆಗಾಂಗಿಲ್ಲ. ಮಂಚಾ ಸಾಗವಾನಿದೈತಿ!"