ಕಂಟ್ರೋಲ್ ಡಾಕ್ಟರು

ನಾನು ಓದಿದ ವಿಷಯದ ಹೆಸರೇ ಅಂಥದ್ದು. ಬಾಯಿಬಿಟ್ಟು ಹೇಳಿದ ಕಡೆಯಲ್ಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗೇ ಆಗೋದು. ಕಂಟ್ರೋಲ್ ಸಿಸ್ಟಮ್ಸ್ ಅಂದರೆ ಯಂತ್ರ ತನ್ನ ವೇಗ, ಬಿಸಿ ಎಲ್ಲ ಹದ ತಪ್ಪದ ಹಾಗೆ ತಾನೇ ನೋಡಿಕೊಳ್ಳುವಂತೆ ಮಾಡುವ ವಿದ್ಯೆ. ಅರವತ್ತರ ದಶಕದ ಕೊನೆಯಲ್ಲಿ ಇದರಲ್ಲಿ ಪಿಎಚ್.ಡಿ. ಮಾಡೋಕೆ ಹೊರಟವನು ಸಮೇತನಹಳ್ಳಿ ಕಡೆಯಲ್ಲಿ ನಾನೊಬ್ಬನೇ. ಹಾಗಾಗಿ ಗೊಂದಲವೆಲ್ಲ ನನ್ನ ಪಾಲಿಗೇ ಬಂತು.

೧. ಪ್ರಾಬ್ಲಂ ಇದೆಯಾ?

ಬೆಂಗಳೂರಿನ ಕಾಲೇಜೊಂದರಲ್ಲಿ ಸಂಶೋಧನೆಗೆ ಸೀಟು ಖಾಲಿ ಇದೆ ಅಂತ ಗೊತ್ತಾಗಿ, ಹೊಸಕೋಟೆಯಲ್ಲಿ ಬಸ್ಸು ಹಿಡಿದು ಪ್ರೊಫೆಸರನ್ನು ಕಾಣೋಕೆ ಹೋದೆ. ಅವರು ನನ್ನ ಅಂಕಗಳನ್ನು ನೋಡಿ, "ಪ್ರಾಬ್ಲಂ ಏನಾದ್ರೂ ಇದೆಯೇನ್ರಿ?" ಅಂದರು.

"ಇಲ್ಲ ಸಾರ್. ಬಸ್ಸು ಅನುಕೂಲವಾಗಿದೆ. ಊಟ ಮನೆಯಿಂದಲೇ ತರ್ತೀನಿ."

"ಪ್ರಾಬ್ಲಂ ಇಲ್ದೆ ಪಿಎಚ್.ಡಿ. ಹೇಗ್ರೀ ಮಾಡ್ತೀರಿ? ಒಂದು ಹುಡುಕ್ಕೊಂಡು ಸೋಮವಾರ ಬನ್ನಿ."

ಸಂಶೋಧನೆಗೆ ಎತ್ತಿಕೊಳ್ಳುವ ಪ್ರಶ್ನೆಗೆ ಅವರು ಪ್ರಾಬ್ಲಂ ಅಂತಾರೆ ಅನ್ನೋದು ನನಗೆ ಆಗ ಹೊಳೆಯಲಿಲ್ಲ. ಸೀಟು ಕೈತಪ್ಪಿತು ಅಂತ ಮಂಕಾಗಿ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಅಂದರು:

"ಅದಕ್ಯಾಕೆ ಹುಡುಕ್ತೀಯ? ನಿಮ್ಮ ಚಿಕ್ಕಪ್ಪನ ಜೊತೆ ಬಾವಿ ನೀರಿನ ತಕರಾರು ಇದೆಯಲ್ಲ, ಅದನ್ನೇ ತಗೊಂಡು ಹೋಗು. ಓದಿರೋರು, ಏನಾದ್ರೂ ದಾರಿ ತೋರಿಸ್ತಾರೆ."

೨. ಸಕ್ಕರೆ ಡಬ್ಬ

ಹೇಗೋ ಸೀಟು ಸಿಕ್ಕಿತು. ಆ ಕಾಲಕ್ಕೆ ಊರಲ್ಲಿ ಕಂಟ್ರೋಲ್ ಅಂದರೆ ರೇಷನ್ ಅಂಗಡಿಯ ಕಂಟ್ರೋಲ್ ರೇಟಿನ ಸಕ್ಕರೆ, ಸೀಮೆಎಣ್ಣೆ. ಪಕ್ಕದ ಮನೆ ದೊಡ್ಡಮ್ಮ ಡಬ್ಬ ಹಿಡ್ಕೊಂಡು ಬಂದೇಬಿಟ್ಟರು.

"ಕಂಟ್ರೋಲಲ್ಲಿ ದೊಡ್ಡ ಕೆಲಸ ಸಿಕ್ತಂತಲ್ಲಪ್ಪಾ, ನಮ್ಮನೆಗೆ ಸಕ್ಕರೆ ಒಸಿ ಜಾಸ್ತಿ ಹಾಕ್ಸು."

"ಅದಲ್ಲ ದೊಡ್ಡಮ್ಮ. ಹಾಲು ಉಕ್ಕೋಕೆ ಬಂದ್ರೆ ನೀವು ನೋಡಿ ಉರಿ ಕಮ್ಮಿ ಮಾಡ್ತೀರಲ್ಲ? ಅಂಥ ಕೆಲಸಾನ ಮನುಷ್ಯರಿಲ್ದೆ ತಾನಾಗೇ ಆಗೋ ಹಾಗೆ ಮಾಡೋದು."

ದೊಡ್ಡಮ್ಮ ಖಾಲಿ ಡಬ್ಬ ಕಂಕುಳಿಗೆ ಸೇರಿಸಿ ನನ್ನನ್ನೇ ನೋಡಿದರು.

"ಮತ್ತೆ ನಿಮ್ಮಪ್ಪ ನಿಂಗೆ ಹೆಣ್ಣು ಯಾಕೆ ಹುಡುಕ್ತಾವ್ರೆ?"

೩. ಎಷ್ಟು ಬೇಕೋ ಅಷ್ಟು

ಹೆಣ್ಣು ಸಿಕ್ಕಿದ್ದು ಆವತಿಯಲ್ಲಿ. ನೋಡೋಕೆ ಹೋದಾಗ, ಹುಡುಗ ಏನು ಮಾಡ್ತಾನೆ ಅಂತ ಹುಡುಗಿಯ ಅಜ್ಜಿ ಕೇಳಿದರು. ನನ್ನ ಸೋದರಮಾವ ಗಂಭೀರವಾಗಿ, "ನಿಯಂತ್ರಣದಲ್ಲಿ ಡಾಕ್ಟರ್ ಆಗ್ತಿದ್ದಾನೆ" ಅಂದುಬಿಟ್ಟರು. ಊರೂರಿನ ಗೋಡೆಯ ಮೇಲೆ ಸಂತಾನ ನಿಯಂತ್ರಣದ ಕೆಂಪು ತ್ರಿಕೋನ ಬರೆಸಿದ್ದ ಕಾಲ ಅದು. ಅಜ್ಜಿಗೆ ಗೊತ್ತಿದ್ದ ನಿಯಂತ್ರಣ ಅದೊಂದೇ. ಅದು ನನ್ನ ತಲೆಗೆ ಹೋಗಲಿಲ್ಲ.

"ಅದ್ರಲ್ಲಿ ನೀನು ಏನಪ್ಪಾ ಮಾಡ್ತೀಯ?"

"ಎಷ್ಟು ಬೇಕೋ ಅಷ್ಟೇ ಬರೋ ಹಾಗೆ ಮಾಡೋದಜ್ಜಿ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

"ಎಷ್ಟು ಬೇಕು ಅಂತ ಯಾರು ಹೇಳೋರು?"

"ನಮ್ಮ ಪ್ರೊಫೆಸರು."

ಒಳಗೆ ಬಳೆ ಸದ್ದು ನಿಂತಿತು. ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡು, "ನಮ್ಮ ಕಡೆ ಅದನ್ನ ಗಂಡ ಹೆಂಡ್ತಿನೇ ಮಾತಾಡ್ಕೋತಾರೆ" ಅಂದು ಎದ್ದು ನಿಂತರು. ಸಂಬಂಧ ಮುರಿದೇಹೋಯಿತು ಅನ್ನುವಷ್ಟರಲ್ಲಿ, ದೇವನಹಳ್ಳಿ ಹೈಸ್ಕೂಲಲ್ಲಿ ಓದಿದ್ದ ಹುಡುಗಿ ಬಾಗಿಲ ಹಿಂದಿನಿಂದ ನಗು ತಡೆದುಕೊಂಡು, "ಅಪ್ಪಾ, ಅವರು ಹೇಳ್ತಿರೋದು ಮೆಷಿನ್ ವಿಷಯ" ಅಂದಳು. ಅಲ್ಲಿಗೆ ಎಲ್ಲರೂ ಹಗುರಾದರು. ಅಜ್ಜಿ ಮಾತ್ರ ನಂಬಲಿಲ್ಲ.

ಮದುವೆಗೆ ಪ್ರೊಫೆಸರೂ ಬಂದರು. ತಾಳಿ ಕಟ್ಟಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅಜ್ಜಿ ನೆಟ್ಟಗೆ ಅವರ ಮುಂದೆ ಹೋಗಿ ನಿಂತು, "ಸ್ವಾಮಿ, ಈ ಹುಡುಗನಿಗೆ ಎಷ್ಟು ಸಾಕು ಅಂತೀರಿ?" ಅಂತ ಕೇಳಿದರು.

ಪ್ರೊಫೆಸರು ನಾನು ಅಚ್ಚು ಹಾಕಿಸಬೇಕಿದ್ದ ಸಂಶೋಧನಾ ಲೇಖನಗಳ ವಿಚಾರ ಅಂದುಕೊಂಡರು. ಹಳ್ಳಿ ಅಜ್ಜಿಗೆ ಇಷ್ಟು ಆಸಕ್ತಿಯೇ ಅಂತ ಮೆಚ್ಚಿ, ನನ್ನ ಬೆನ್ನು ತಟ್ಟಿ ಹೇಳಿದರು:

"ಮೂರಾದ್ರೆ ಸಾಕಮ್ಮ. ಎರಡು ಆಗ್ಲೇ ಆಗಿದೆ. ಒಂದು ಇಲ್ಲೇ ಬೆಂಗಳೂರಲ್ಲಿ, ಇನ್ನೊಂದು ಜರ್ಮನೀಲಿ."