ಕಪ್ಪತಗುಡ್ಡದ ತುದಿ ಮತ್ತು ಉಪ್ಪಿಟ್ಟಿನ ಶರ್ತು

ಗುಡ್ಡ ಹತ್ತುವುದು ಕಾಲಿನ ಕೆಲಸ ಅಂತ ಮಂದಿ ತಿಳಿದಿದ್ದಾರೆ. ಖರೆ ಹೇಳಬೇಕೆಂದರೆ ಅದು ಅರ್ಧಕ್ಕಿಂತ ಹೆಚ್ಚು ಬಾಯಿಯ ಕೆಲಸ. ನಮ್ಮ ಓಣಿಯವರು ಕಪ್ಪತಗುಡ್ಡದ ಕಡೆ ಮುಖ ಮಾಡಿದಾಗಲೆಲ್ಲ ನಗಲಿಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಈ ವರ್ಷ ಮಾತ್ರ ದಾರಿಯುದ್ದಕ್ಕೂ ಸಿಕ್ಕಿತು.

೧. ಶರ್ತು

ಬೆಟಗೇರಿಯಲ್ಲಿ ನನ್ನದೊಂದು ರೊಟ್ಟಿ ಅಂಗಡಿ ಇದೆ. ಓಣಿಯ ಹೆಣ್ಣುಮಕ್ಕಳು ನನ್ನ ಜೊತೆ ರೊಟ್ಟಿ ಬಡಿಯುತ್ತಾರೆ. ಅಂಗಡಿ ಕಟ್ಟಿದವಳು ನಾನೇ, ರೊಟ್ಟಿ ಸುತ್ತುವ ಹಳೇ ಪೇಪರು ಹಿಡಿದು ಓದು ಕಲಿತವಳೂ ನಾನೇ. ಹೀಗಾಗಿ ಯಾರಾದರೂ 'ನಿಮ್ಮಿಂದ ಆಗಂಗಿಲ್ಲ' ಅಂದರೆ ನನಗೆ ಆ ದಿನ ನಿದ್ದೆ ಬರುವುದಿಲ್ಲ.

ನಮ್ಮ ಓಣಿಯ ರಿಟೈರ್ಡ್ ಮಾಸ್ತರರು ಪ್ರತಿ ವರ್ಷ ಮಳೆಗಾಲ ಮುಗಿಯುತ್ತಲೇ ಎಲ್ಲರನ್ನೂ ಗುಡ್ಡಕ್ಕೆ ಕರೆದೊಯ್ಯುತ್ತಾರೆ. ಹೆಂಗಸರನ್ನು ಗಾಡಿಯಲ್ಲಿ ತುದಿಗಿಂತ ಕೆಳಗಿರುವ ಮಲ್ಲಯ್ಯನ ಗುಡಿಗೆ ಮುಟ್ಟಿಸಿ, ಕೈಗೆ ರವೆ ಕೊಟ್ಟು, "ನೀವು ಉಪ್ಪಿಟ್ಟು ಮಾಡ್ರಿ, ನಾವು ತುದಿ ಮುಟ್ಟಿ ಬರ್ತೀವಿ" ಅನ್ನುವುದು ಅವರ ಪದ್ಧತಿ. ತುದಿ ಹೇಗಿದೆ ಅಂತ ನಾವು ನೋಡಿದ್ದು ಅವರ ಮೊಬೈಲಿನಲ್ಲಿ ಮಾತ್ರ.

ಈ ಸಲ ಅವರ ಮನೆ ಕಟ್ಟೆಯ ಮೇಲೆ ಕೂತು ಹೇಳಿಯೇಬಿಟ್ಟೆ. "ಮಾಸ್ತರ, ಎಲ್ಲಾರೂ ಬುಡದಿಂದನ ನಡಿಯೂಣು. ಹಿಂದ ಬಿದ್ದವರು ಉಪ್ಪಿಟ್ಟು ಮಾಡೂದು."

"ಸೀರಿ ಉಟ್ಕೊಂಡು ಗುಡ್ಡಾ ಹತ್ತತೀರೇನು?"

"ನಿಮಗ ಬೇಕಾದ್ರ ನೀವೂ ಉಟ್ಕೊಂಡು ಬರ್ರಿ."

ಮಾಸ್ತರರು ನಕ್ಕು ಒಪ್ಪಿದರು. ಒಳಗಿಂದ ಅವರ ಹೆಂಡತಿ ತಣ್ಣಗೆ ಕರೆದರು. "ಏನ್ರಿ, ರವಾದ ಡಬ್ಬಿ ಯಾವುದು ಅಂತ ತೋರಸ್ತೀನಿ, ಒಂದೀಟು ಒಳಗ ಬರ್ರಿ."

೨. ಚಹಾದ ಊರು

ಗುಡ್ಡದ ಬುಡದ ಊರಲ್ಲಿ ಬೆಳಿಗ್ಗೆ ಇಳಿದೆವು. ಗಂಡಸರು ದಿನಾ ನಡೆಯುವವರು, ನಾವು ದಿನಾ ಕೂತು ರೊಟ್ಟಿ ಬಡಿಯುವವರು. ನನಗೂ ಒಳಗೊಳಗೇ ಅಳುಕಿತ್ತು. ಆದರೆ ಮಾಸ್ತರರು ನೌಕರಿ ಮಾಡಿದ್ದು ಅದೇ ಊರಿನ ಶಾಲೆಯಲ್ಲಿ. ಮೊದಲ ಮನೆಯ ಬಾಗಿಲಲ್ಲೇ ಒಬ್ಬ ಅಡ್ಡ ನಿಂತ.

"ಸರ್, ಚಾ ಕುಡದ ಹೋಗ್ರಿ."

ನಮ್ಮ ಕಡೆ ಬಾಗಿಲಿಗೆ ಬಂದ ಚಹಾ ಬೇಡ ಅಂದರೆ ಸಿಟ್ಟು. ಒಬ್ಬರ ಮನೆಯಲ್ಲಿ ಕುಡಿದು ಪಕ್ಕದ ಮನೆ ಬಿಟ್ಟರಂತೂ ಇನ್ನೂ ದೊಡ್ಡ ಸಿಟ್ಟು. ಊರ ತುಂಬ ಅವರ ಶಿಷ್ಯರೇ. ಒಂದು ಮನೆಯಲ್ಲಿ ಚಹಾ, ಮುಂದಿನದರಲ್ಲಿ ಚಹಾದ ಜೊತೆ ಚುರಮರಿ, ಅದರಾಚೆ ಬಿಸಿ ಮಿರ್ಚಿ ಭಜಿ. ಉಳಿದ ಗಂಡಸರು 'ಸರ್ ಕಡೆಯವರು' ಅಂತ ಹಿಂದೆ ಹಿಂದೆಯೇ ಒಳಹೋದರು.

"ಅಕ್ಕಾರ, ನೀವೂ ಬರ್ರಿ" ಅಂತ ನಮ್ಮನ್ನೂ ಕರೆದರು.

"ನಾವು ಸರ್ ಕೈಯಾಗ ಕಲತವರಲ್ರಿ" ಅಂದವಳೇ ನಡೆದೆ. ಶಾಲೆಗೆ ಹೋಗದ್ದರಿಂದ ನನಗೆ ಲಾಭವಾದದ್ದು ಜೀವನದಲ್ಲಿ ಅದೇ ಮೊದಲು.

೩. ಕುಂಕುಮ

ನಮಗೂ ಒಂದು ಅಡ್ಡಿ ಇತ್ತು. ಜೊತೆಗಿದ್ದ ಹಿರಿಯಾಕೆ, ನಾವೆಲ್ಲ ಆಯಿ ಅನ್ನುವಾಕೆ, ಕೆತ್ತಿದ ಕಲ್ಲು ಕಂಡಲ್ಲಿ ನಿಲ್ಲುತ್ತಿದ್ದಳು. ಕುದುರೆ ಏರಿದ ವೀರಗಲ್ಲಿಗೆ ಕುಂಕುಮ, ಅದರ ಪಕ್ಕ ಮುರಿದು ಬಿದ್ದ ನಾಗರಕಲ್ಲಿಗೆ ಕುಂಕುಮ. ಹಿಂದೆ ತಿರುವಿನಲ್ಲಿ ಗಂಡಸರ ಮಾತು ಕೇಳತೊಡಗಿತ್ತು. ಅಷ್ಟರಲ್ಲಿ ಆಯಿ ಇನ್ನೊಂದು ಕಲ್ಲಿನ ಮುಂದೆ ಬಾಗಿದಳು.

"ಆಯಿ, ಅದು ದೇವರಲ್ಲ, ಫಾರೆಸ್ಟಿನವರ ಗಡಿಕಲ್ಲು. ಜಲ್ದಿ ನಡಿ."

ಆಯಿ ಕೈ ಹಿಂತೆಗೆಯಲಿಲ್ಲ. "ಇರಲಿ ಬಿಡ. ಅವರ ಕಡೆನೂ ನಮಗ ಕೆಲಸ ಬೀಳ್ತಾವು."

೪. ತುದಿ

ಕಡೆಯ ಏರಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಯಿಯನ್ನು ಇಬ್ಬರು ಹಿಂದಿನಿಂದ ದಬ್ಬಿ, ನಾವೇ ಮೊದಲು ತುದಿ ಮುಟ್ಟಿದೆವು. ನಿಂತವರನ್ನು ಕೂರಿಸುವಂಥ ಗಾಳಿ. ಕೆಳಗೆ ಕರಿ ಹೊಲ, ಹಸಿರು ಹೊಲ ಕೌದಿಯ ಹಾಗೆ ಹಾಸಿದ್ದವು. ಸಾಲಾಗಿ ಕರೆಂಟಿನ ಗಾಳಿಪಂಖ ತಿರುಗುತ್ತಿದ್ದವು. ಮುಂಡರಗಿ ಆಚೆ, ಹಮ್ಮಿಗಿ ಕಡೆ, ಹೊಳೆ ಬೆಳ್ಳಿ ಉಡದಾರದಂತೆ ಹೊಳೆಯಿತು. ಯಾರ ಮೊಬೈಲಿನಲ್ಲೂ ಅದು ಇಷ್ಟು ದೊಡ್ಡದಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಗಾಳಿಗೆ ಅಂತ ಹೇಳಿದೆ.

ನಮ್ಮಲ್ಲೊಬ್ಬಳು ಮನೆಯಲ್ಲೇ ಉಳಿದಿದ್ದ ಗಂಡನಿಗೆ ಫೋನು ಹಚ್ಚಿದಳು. "ತುದಿ ಮ್ಯಾಲಿದ್ದೀನಿ. ನೀವು ಇನ್ನೂ ಹಾಸಿಗಿ ಬಿಟ್ಟಿಲ್ಲ. ಎಮ್ಮಿ ನೀರಿಲ್ದ ನಿಂತೈತಿ. ಇಲ್ಲಿಂದ ಎಲ್ಲಾ ಕಾಣತೈತಿ."

ಆಚೆ ಕಡೆಯಿಂದ ಕೊಡದ ಸಪ್ಪಳ ಕೇಳಿಸಿತು.

೫. ಉಪ್ಪಿಟ್ಟು

ಮಾಸ್ತರರು ಹೊಟ್ಟೆ ಹಿಡಿದುಕೊಂಡು ಮೇಲೆ ಬಂದಾಗ ನಾವು ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದೆವು. "ಕಾಲು ಸೋತಿಲ್ಲ, ಮಿರ್ಚಿ ಬಿಡಲಿಲ್ಲ" ಅಂದರು. ಆದರೂ ಮಾತಿಗೆ ತಪ್ಪುವವರಲ್ಲ. ಗುಡಿಗೆ ಇಳಿದವರೇ ಒಲೆ ಮುಂದೆ ನಿಂತರು.

ರವೆ ಮೊದಲೋ ನೀರು ಮೊದಲೋ ಎಂಬಲ್ಲೇ ಗಂಡಸರಲ್ಲಿ ಎರಡು ಪಕ್ಷವಾಯಿತು. ನಮ್ಮ ಜೊತೆ ಹತ್ತಿ ಬಂದಿದ್ದ ಹೆಂಡತಿಯನ್ನು ಕೇಳಲು ಮಾಸ್ತರರಿಗೆ ಮನಸ್ಸಿಲ್ಲ, ತಾವಾಗಿ ಹೇಳಲು ಆಕೆಗೂ ಮನಸ್ಸಿಲ್ಲ. ಕಡೆಗೆ ಎರಡನ್ನೂ ಒಟ್ಟಿಗೇ ಸುರಿದರು. ತಳ ಹತ್ತಿತು, ಮೇಲೆ ಹಸಿ ಉಳಿಯಿತು, ನಡುವೆ ಸೌಟು ಸಿಕ್ಕಿಕೊಂಡಿತು. ಪೂಜಾರಿ ಒಮ್ಮೆ ಇಣುಕಿ ನೋಡಿ, "ಇವತ್ತ ದೇವರಿಗೆ ಬರೇ ಕಾಯಿ ಸಾಕ್ರಿ" ಅಂದ.

ಎಲೆಗೆ ಬಿದ್ದ ಗಟ್ಟಿ ಮುದ್ದೆಯನ್ನು ನಾವೆಲ್ಲ ಬೆರಳಿಂದ ಒತ್ತಿ ನೋಡುತ್ತ ಕೂತೆವು. ಮಾಸ್ತರರ ಹೆಂಡತಿ ಮಾತ್ರ ಒಂದೊಂದೇ ತುತ್ತು ಶಾಂತವಾಗಿ ಅಗಿದು ಎಲೆ ಖಾಲಿ ಮಾಡಿದರು, ಮತ್ತೊಂದಿಷ್ಟು ಹಾಕಿಸಿಕೊಂಡರು. ಮಾಸ್ತರರ ಮುಖ ಅರಳಿತು. "ಹೆಂಗ ಆಗೈತಿ?"

"ಇಂಥಾ ರುಚಿ ನನ್ನ ಕೈಗೆ ಇಲ್ರಿ" ಅಂದರು ಆಕೆ, ಬಾಯಿ ಒರೆಸಿಕೊಳ್ಳುತ್ತ. "ನಾಳಿಂದ ಮನಿಯಾಗೂ ನೀವ ಮಾಡ್ರಿ."