ಒಂಬೈನೂರ ನಲವತ್ತು ಹಸುಗಳ ಮಹಾಸಮರ

ಓ ವಾಗ್ದೇವಿಯೇ, ಪಂಚಾಯಿತಿ ಕಚೇರಿಯ ಮುರುಕು ಕುರ್ಚಿಯಲ್ಲಾದರೂ ಸರಿ, ಒಂದು ಗಳಿಗೆ ಬಂದು ಕುಳಿತುಕೋ. ಗ್ರಾಮಾಭ್ಯುದಯದ ಯೋಜನೆ ಗ್ರಾಮಸ್ಥರ ಕೈಯಿಂದಲೇ ಮೂಡತಕ್ಕದ್ದೆಂದು ಸುತ್ತೋಲೆ ಹೊರಟ ಆ ಪುಣ್ಯಯುಗದಲ್ಲಿ, ಕಗ್ಗಲಿಕೊಪ್ಪಲಿನ ಶಾಲಾಂಗಳವೆಂಬ ರಣಾಂಗಣದಲ್ಲಿ, ಮೇಲ್ಕೇರಿಯ ಶ್ಮಶ್ರುಮಂಡಿತಮುಖಮಾರ್ತಾಂಡ ಚನ್ನಿಗಪ್ಪನೂ ಕೆಳಕೇರಿಯ ಘನಗರ್ಜನಗಂಭೀರಕಂಠ ಕರೀಗೌಡನೂ ಕಾದಾಡಿದ ಬಗೆಯನ್ನು ನನ್ನ ನಾಲಗೆಯಿಂದ ನುಡಿಸು. ನಿನಗೆ ಪುರುಸೊತ್ತಿಲ್ಲದಿದ್ದರೆ ನಾನೇ ಹೇಳುತ್ತೇನೆ. ನನಗಂತೂ ಹೊಟ್ಟೆ ಉರಿದುಹೋಗಿದೆ.

ತಾಲ್ಲೂಕಿನಿಂದ ಜೀಪಿನಲ್ಲಿ ಬಂದಿಳಿದ ಯೋಜನಾಧಿಕಾರಿ ಸುಗುಣಾ ಮೇಡಂ ಸಮರನಿಯಮವನ್ನು ಸಾರಿದರು. ಊರಿನ ನಕ್ಷೆಯನ್ನು ಊರವರೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆಯಬೇಕು. ಯಾರ ಮನೆಯಲ್ಲಿ ಎಷ್ಟು ಹಸುವೋ ಅಷ್ಟು ಹುಣಸೆಬೀಜವನ್ನು ಆ ಮನೆಯ ಗುರುತಿನ ಮೇಲಿಡಬೇಕು. ಬೀಜ ಹೆಚ್ಚಿದ್ದ ಕೇರಿಗೆ ಹಾಲು ತಂಪಾಗಿಡುವ ಯಂತ್ರ ಬರುತ್ತದೆ. ಊರ ಕೊನೆಯ ಮನೆಯ ಸಣ್ಣಮ್ಮ ಮೊದಲು ಬಂದು, ತನ್ನ ಎರಡು ಹಸುಗಳಿಗೆ ಎರಡು ಬೀಜವಿಟ್ಟು ಸರಿದು ನಿಂತಳು. ಡೇರಿಯ ವ್ಯಾನು ಬರುವಷ್ಟರಲ್ಲಿ ವಾರಕ್ಕೆ ಮೂರು ದಿನ ಅವಳ ಹಾಲು ಒಡೆದುಹೋಗುತ್ತಿತ್ತು. ಯಂತ್ರ ಯಾವ ಕೇರಿಗೆ ಬಂದರೂ ಅವಳಿಗೆ ಬದುಕು. ಆದರೆ ವೀರರ ಕಣ್ಣಿಗೆ ಇಂಥದ್ದೆಲ್ಲ ಬೀಳುವುದುಂಟೇ?

ಚನ್ನಿಗಪ್ಪ ಪಂಚೆ ಎತ್ತಿಕಟ್ಟಿ ಗುಡುಗಿದನು: "ಎಲೋ ಕರೀಗೌಡ! ನಮ್ ಕೇರಿ ಹಸಗಳು ಒಂದೇಟ್ಗೆ ಹಾಲ್ ಸುರುಸುದ್ರೆ ನಿಮ್ ಕೇರಿ ಕೊಚ್ಕೊಂಡೋಯ್ತದೆ ಕಣ್ಲಾ! ನಂದೊಂದೇ ಮನೇದು ನಲ್ವತ್ತು, ಇಕ್ಕೊ!"

ಅವನ ಕೊಟ್ಟಿಗೆಯಲ್ಲಿದ್ದದ್ದು ಮೂರು. ಅದರಲ್ಲೊಂದು ಹೋರಿಗರು.

"ನಲ್ವತ್ತಂತೆ, ನಲ್ವತ್ತು! ನಮ್ಮಟ್ಟಿ ಹಸ ಎಣ್ಸಕ್ ಬಂದ ನಿಮ್ ತಾತ ಎಣುಸ್ತಾ ಎಣುಸ್ತಾನೇ ಸತ್ತೋದ ಕಣ್ಲಾ!" ಎಂದು ಕರೀಗೌಡನು ಬೊಗಸೆ ತುಂಬಾ ಬೀಜ ಸುರಿದನು.

ಆಮೇಲೆ ನಡೆದದ್ದನ್ನು ಏನೆಂದು ಬಣ್ಣಿಸಲಿ! ಮನೆಮನೆಯ ಡಬ್ಬಗಳು ಬರಿದಾದವು. ಬೀಜಗಳು ಆಲಿಕಲ್ಲಿನಂತೆ ಬಿದ್ದವು. ರಂಗೋಲಿಯ ಕೆರೆಯ ನಡುನೀರಿನಲ್ಲಿ ಐವತ್ತು ಹಸು ನಿಂತವು, ಅಂಗನವಾಡಿಯ ಸೂರಿನ ಮೇಲೆ ನೂರಿಪ್ಪತ್ತು ಹತ್ತಿದವು, ಮಾರಮ್ಮನ ಗುಡಿಯೊಳಗೆ ಅರ್ಚಕರಿಗೂ ಜಾಗವಿಲ್ಲದಂತಾಯಿತು. ಮೂರನೆಯ ಜಾವದ ಬಿಸಿಲಿಗೆ ಎರಡೂ ಪಡೆಗಳು ಬೆವತು ನಿಂತಾಗ ಮೇಡಂ ಎಣಿಸಿದರು. ಎಪ್ಪತ್ತು ಮನೆಗಳ ಊರಿನಲ್ಲಿ ಒಂಬೈನೂರ ನಲವತ್ತು ಹಸು.

"ಈ ಯಂತ್ರ ಇರೋದು ಇನ್ನೂರು ಹಸುವಿನ ಒಳಗಿನ ಊರಿಗೆ," ಎಂದರು ಅವರು. "ಇಷ್ಟೊಂದಿದ್ರೆ ದೊಡ್ಡ ಡೇರಿನೇ ಬೇಕಾಗತ್ತೆ, ಅದು ನಮ್ಮ ಯೋಜನೇಲಿ ಇಲ್ಲ. ನಿಜ ಎಷ್ಟು ಅಂತ ಹೇಳಿಬಿಡಿ, ಈಗಲೇ ತಿದ್ದುತೀನಿ."

ಸಣ್ಣಮ್ಮ ಮುಂದೆ ಬಂದಳು.

"ಚನ್ನಿಗಣ್ಣ, ಮೂರೇ ಅಂತ ಅಂದ್ಬುಡಿ. ಕರೀಗೌಡ್ರೇ, ನಿಮ್ ದಮ್ಮಯ್ಯ ಅಂತೀನಿ. ಕರೆದ್ ಹಾಲ್ನ ನಾನೇ ಚರಂಡಿಗೆ ಸುರೀತಾವ್ನಿ."

"ಮೊದ್ಲು ಅವ್ನು ತಗೀಲಿ," ಎಂದನು ಚನ್ನಿಗಪ್ಪ.

"ಅವ್ನು ತಗುದ್ರೆ ನಾನೂ ತಗೀತೀನಿ," ಎಂದನು ಕರೀಗೌಡ.

ಸಣ್ಣಮ್ಮ ತಾನೇ ಬಾಗಿ ಬೀಜ ಬಳಿಯಹೋದಳು. "ಏಯ್, ನಮ್ ಕೇರಿ ಹಸ ಮುಟ್ಬ್ಯಾಡ!" ಎಂದು ವೀರರಿಬ್ಬರೂ ಒಂದೇ ಉಸಿರಿನಲ್ಲಿ ಅಬ್ಬರಿಸಿದರು. ಅಂದು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ನನಗೆ ಆ ಇಬ್ಬರ ಕಿವಿ ಹಿಂಡಬೇಕೆನ್ನಿಸಿತು. ಮೇಡಂ ಐದು ಗಂಟೆಯವರೆಗೆ ಕಾದು, ಕಂಡದ್ದನ್ನು ಕಂಡಂತೆ ಬರೆದುಕೊಂಡು ಜೀಪು ಹತ್ತಿದರು.

ಹೀಗೆ ಪಂಚವಾರ್ಷಿಕಾಭಿವೃದ್ಧಿಮಹಾಯೋಜನೆಯಲ್ಲಿ ಕಗ್ಗಲಿಕೊಪ್ಪಲಿಗೆ ಮಂಜೂರಾದದ್ದು ದನಗಳು ನೀರು ಕುಡಿಯುವ ಸಿಮೆಂಟು ತೊಟ್ಟಿ, ಒಂದು. ಎರಡು ಕೇರಿಗಳ ನಡುವೆ ಅದನ್ನು ಕಟ್ಟಿದ್ದಾರೆ. ತಾನೇ ಹೋರಾಡಿ ತಂದದ್ದೆಂದು ಚನ್ನಿಗಪ್ಪ ಹೇಳುತ್ತಾನೆ, ಕರೀಗೌಡನೂ ಹೇಳುತ್ತಾನೆ. ನೀರು ಚೆನ್ನಾಗಿ ಬರುತ್ತದೆ. ಒಡೆದ ಹಾಲನ್ನು ಚೆಲ್ಲಿದ ಮೇಲೆ ಸಣ್ಣಮ್ಮ ಕ್ಯಾನು ತೊಳೆಯುವುದು ಅಲ್ಲೇ.